ಕೋಡಿ ಬಿದ್ದ ವರ್ಷದವಳು

ನಮ್ಮಮ್ಮನ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 01-01-1940 ಅಂತಿದೆ. ಅದು ಸುಳ್ಳು. ಕಾರ್ಡ್ ಮಾಡಿಸುವ ದಿನ ನಾನು ರಜೆಯ ಮೇಲೆ ಊರಿಗೆ ಬಂದಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ, "ಅಜ್ಜಿ, ಯಾವ ಇಸವಿ?" ಅಂತ ಕೇಳಿದ. ಅಮ್ಮ, "ಮಾರಿಕಣಿವೆ ಕೋಡಿ ಬಿದ್ದ ವರ್ಷ" ಅಂದಳು. ಹುಡುಗ ನನ್ನ ಮುಖ ನೋಡಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ತಾನೇ ಒಂದು ತಾರೀಕು ಒತ್ತಿಬಿಟ್ಟ. ಹಿಂದೆ ದೊಡ್ಡ ಸಾಲಿತ್ತು, ಅವನದೇನೂ ತಪ್ಪಿಲ್ಲ.

ಹಿರಿಯೂರು ತಾಲ್ಲೂಕಿನವರಿಗೆ ಈ ಲೆಕ್ಕ ಹೊಸದಲ್ಲ. ಸರ್ಕಾರದ ಕಾಗದದಲ್ಲಿ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ಕಲ್ಲು ಗಾರೆಯ ಕೆಲಸ. ನೀರು 130 ಅಡಿ ದಾಟಿದರೆ ಪಕ್ಕದ ಕೋಡಿಯ ಮೇಲೆ ತಾನೇ ಹರಿದು ಹೋಗಬೇಕು, ಎತ್ತಿ ಇಳಿಸುವ ಗೇಟಿಲ್ಲ. ಕಾರ್ಡ್ ಮಾಡಿಸಿದ ಹೊತ್ತಿಗೆ ಅಷ್ಟು ನೀರು ಬಂದಿದ್ದು 1933ರಲ್ಲಿ ಒಂದೇ ಸಲ. ಆಮೇಲೆ ಇಲ್ಲ. ಹೀಗಾಗಿ 'ಕೋಡಿ ಬಿದ್ದ ವರ್ಷ' ಅಂದರೆ ಯಾವ ವರ್ಷ ಅಂತ ನಮ್ಮಲ್ಲಿ ಯಾರೂ ತಿರುಗಿ ಕೇಳುತ್ತಿರಲಿಲ್ಲ.

ನಾನು ನೀರಾವರಿ ಎಂಜಿನಿಯರ್. ದಾವಣಗೆರೆಯಲ್ಲಿ ಬಿಇ ಮುಗಿಸಿ 1982ರಲ್ಲಿ ಕೆಲಸಕ್ಕೆ ಸೇರಿದೆ, 2019ರಲ್ಲಿ ನಿವೃತ್ತನಾದೆ. ನಡುವಿನ 37 ವರ್ಷದಲ್ಲಿ ನನ್ನ ತಾಲ್ಲೂಕಿನಲ್ಲಿ ಒಂದು ದಿನವೂ ಕೆಲಸ ಮಾಡಲಿಲ್ಲ. ಜಾಸ್ತಿ ಕಾಲ ಕಳೆದದ್ದು ಕೃಷ್ಣಾ ಮೇಲ್ದಂಡೆಯ ಕಾಲುವೆಗಳ ಮೇಲೆ, ನಾರಾಯಣಪುರ, ಭೀಮರಾಯನಗುಡಿ. ಮಕ್ಕಳಿಬ್ಬರೂ ಭೀಮರಾಯನಗುಡಿಯ ಕಾಲೊನಿಯಲ್ಲೇ ಬೆಳೆದರು. ಏಪ್ರಿಲ್ ಬಂತೆಂದರೆ ನನ್ನ ಹೆಂಡತಿ ಒದ್ದೆ ಬೆಡ್‌ಶೀಟನ್ನು ಕಿಟಕಿಗೆ ಕಟ್ಟುತ್ತಿದ್ದಳು. "ಊರಿಗೆಲ್ಲ ನೀರು ಹಂಚೋ ಸಾಹೇಬ್ರ ಮನೆ ನಲ್ಲೀಲಿ ನೀರಿಲ್ಲ" ಅಂತ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು. ನಗು ಅಂತ ನಾನು ಆಗ ಅಂದುಕೊಂಡಿದ್ದೆ.

ಅಪ್ಪ ಹೋದಾಗಲೂ ನಾನು ಕಾಲುವೆ ಮೇಲಿದ್ದೆ. ಏರಿ ಒಡೆದು ಎರಡು ದಿನ ಅಲ್ಲೇ ನಿಂತಿದ್ದೆ. ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಕಣಿವೆಯ ನಾಲೆಯ ಕೆಳಗೆ ಅಪ್ಪ ನೆಟ್ಟ ತೆಂಗಿನ ತೋಟ ಇತ್ತು. 2016, 17ರ ಬರದಲ್ಲಿ ಕಣಿವೆಯ ನೀರು ತಳ ಕಂಡಿತು, ನಾಲೆ ಬತ್ತಿತು. ಜನ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಮರಗಳ ಬುಡಕ್ಕೆ ಹಾಕಿದರು. ತಮ್ಮ ಫೋನ್ ಮಾಡಿ ಬೋರ್ ಕೊರೆಸುತ್ತೇನೆ ಅಂದ. ಬೇಡ, ಅಲ್ಲಿ ನೀರಿಲ್ಲ ಅಂದೆ. ಕೊರೆಸಿದ. ಮೂರು ಬೋರು, ಮೂರೂ ಫೇಲ್. ನಲವತ್ತು ಮರ ಕಡಿದ ದಿನ ಮತ್ತೆ ಫೋನ್ ಮಾಡಿ, "ನೀನು ಹೇಳಿದ್ದು ಸರಿಯಾಯ್ತು ಬಿಡಣ್ಣ" ಅಂದ. ಜೀವನದಲ್ಲಿ ಸರಿ ಅನ್ನಿಸಿಕೊಂಡು ಅಷ್ಟು ಕೆಟ್ಟದಾಗಿ ಅನ್ನಿಸಿದ್ದು ಅದೊಂದೇ ಸಲ.

ಆ ಬರದ ದಿನಗಳಲ್ಲೇ ಅಮ್ಮ ಕೇಳಿದ್ದಳು, "ಮತ್ತೊಂದು ಸಲ ಕೋಡಿ ಬೀಳತ್ತೇನೋ?" ನಾನು ಲೆಕ್ಕ ಹೇಳಿದೆ. ಬಾಬಾಬುಡನ್‌ಗಿರಿ ಕಡೆಯಿಂದ ವೇದಾ, ಆವತಿ ಬಂದು ಕಡೂರಿನ ಹತ್ತಿರ ಕೂಡುತ್ತವೆ. ದಾರಿಯುದ್ದಕ್ಕೂ ಕೆರೆಗಳು. ಈಗ ಹಳ್ಳಕ್ಕೊಂದು ಚೆಕ್ ಡ್ಯಾಂ, ಹೊಲಕ್ಕೊಂದು ಬೋರು. ಇವೆಲ್ಲ ಕುಡಿದು ಮಿಕ್ಕಿದ್ದು ತಾನೇ ಕಣಿವೆಗೆ ಬರಬೇಕು? ಕಣಿವೆ ಹಿಡಿಯುವುದು 30 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಳೆಯ ಡೈರಿಯ ಹಿಂದಿನ ಹಾಳೆಯಲ್ಲಿ ಕೂಡಿಸಿ ಕಳೆದು ತೋರಿಸಿದೆ. "ನಿನ್ನ ಕಾಲಕ್ಕೂ ಇಲ್ಲ, ನನ್ನ ಕಾಲಕ್ಕೂ ಇಲ್ಲ" ಅಂದೆ. ಅಮ್ಮ ಹಾಳೆ ನೋಡಲಿಲ್ಲ. ಅಡಿಕೆ ಕತ್ತರಿಸುತ್ತಾ, "ಹಂಗಾದ್ರೆ ಬಿಡು" ಅಂದಳು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಮಾಡಿದ ಕೆಲಸ ಒಂದೇ, ನಮ್ಮೂರ ಕೆರೆ. ದೊಡ್ಡ ಸಮಾಜಸೇವೆ ಅಂದುಕೊಳ್ಳಬೇಡಿ, ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಮಳೆ ಬಂದರೂ ಕೆರೆ ತುಂಬುತ್ತಿರಲಿಲ್ಲ. ಎಲ್ಲರೂ ಹೂಳು ತುಂಬಿದೆ, ಹೂಳು ತೆಗೆಸಿ ಅನ್ನುತ್ತಿದ್ದರು. ನಾನು ಡ್ರಾಯಿಂಗ್, ಎಸ್ಟಿಮೇಟ್ ಎಲ್ಲ ಬರೆದು ದೇವಸ್ಥಾನದ ಕಟ್ಟೆ ಮೇಲೆ ಹರಡಿದೆ. ಒಬ್ಬ, "ಸಾರ್, ಬಿಲ್ಲು ಯಾರ ಹೆಸರಿಗೆ ಬರೀತೀರಿ?" ಅಂದ. ಎಲ್ಲರೂ ನಕ್ಕರು. ಹಾಳೆಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ಆಮೇಲೆ ಹಾಳೆ ಬಿಟ್ಟು ನಡೆದೆ. ನೀರು ತುಂಬಿ ಮಟ್ಟ ನೋಡುವ ಗಾರೆ ಮೇಸ್ತ್ರಿಯ ಲೆವೆಲ್ ಟ್ಯೂಬು, ಎರಡು ಕೋಲು, ಜೊತೆಗೆ ಕೆಲಸವಿಲ್ಲದ ಇಬ್ಬರು ಹುಡುಗರು. ಕೆರೆಗೆ ನೀರು ತರುವ ಹಳೆಯ ಕಾಲುವೆಯ ಉದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿತ್ತು. ಮುಳ್ಳು ಸವರಿಕೊಂಡು ಹೋಗಿ ಹೋಗಿ ರಸ್ತೆ ದಾಟುವ ಮೋರಿಯ ಹತ್ತಿರ ಬಂದೆವು. ಟ್ಯೂಬ್ ಹಿಡಿದು ನೋಡಿದೆ. ಮತ್ತೆ ಹಿಡಿದೆ. ಮೋರಿಯ ಪೈಪು ಕಾಲುವೆಯ ತಳಕ್ಕಿಂತ ಒಂದೂವರೆ ಅಡಿ ಮೇಲಿತ್ತು! ನೀರು ಅಲ್ಲಿವರೆಗೆ ಬಂದು, ನಿಂತು, ಪಕ್ಕದ ಹೊಲಕ್ಕೆ ತಿರುಗಿ ಹೋಗುತ್ತಿತ್ತು. ಕೆರೆ ಬಾಯಾರಿ ಕೂತಿದ್ದಕ್ಕೆ ಕಾರಣ ಹೂಳಲ್ಲ, ಈ ಪೈಪು.

ಹುಡುಗರಲ್ಲಿ ಒಬ್ಬ ಕೇಳಿದ, "ಯಾವ ಎಂಜಿನಿಯರ್ ಸಾರ್ ಹಾಕ್ಸಿದ್ದು ಇದನ್ನ?" ನಾನು ಸುಮ್ಮನಾದೆ. ಆ ಪೈಪು ನನ್ನದಲ್ಲ. ಆದರೆ ಇಂಥ ಎಷ್ಟೋ ಮೋರಿಗಳ ಬಿಲ್ಲಿಗೆ ನಾನು ಸಹಿ ಹಾಕಿದ್ದೇನೆ. ಮಾರ್ಚ್ ತಿಂಗಳ ಕೊನೆಯ ವಾರ, ಮೇಜಿನ ತುಂಬ ಫೈಲು, ಹೊರಗೆ ನಿಂತ ಜೀಪು. ಅಳತೆ ಪುಸ್ತಕದಲ್ಲಿ ಪೈಪಿನ ಉದ್ದ ಸರಿಯಾಗಿದೆಯಾ ಅಂತ ನೋಡುತ್ತಿದ್ದೆ. ನೀರು ಒಳಗೆ ಹೋಗುತ್ತಾ ಅಂತ ಎಷ್ಟು ಸಲ ಬಗ್ಗಿ ನೋಡಿದ್ದೆ? ಎಲ್ಲೋ ಯಾವುದೋ ಊರಿನಲ್ಲಿ ನನ್ನ ಸಹಿಯ ಪೈಪೂ ಹೀಗೇ ಕೂತಿರಬಹುದು. ಅಲ್ಲಿಯ ಹುಡುಗ ಇದನ್ನೇ ಕೇಳುತ್ತಿರಬಹುದು.

ಪಂಚಾಯಿತಿಯವರ ಹಿಂದೆ ಎಂಟು ತಿಂಗಳು ಓಡಾಡಿದ ಮೇಲೆ ಪೈಪು ಕೆಳಗಿಳಿಯಿತು. ಜೆಸಿಬಿಗೆ ಡೀಸೆಲ್ ಮನೆಮನೆಯಿಂದ ಎತ್ತಿದ ದುಡ್ಡು. ಅದರಲ್ಲೂ ಜಗಳ ಆಯಿತು, ಈಗ ಬೇಡ ಅದು.

2022ರ ಮಳೆಗಾಲ ನೆನಪಿದೆಯಲ್ವಾ? ನಮ್ಮ ಕಡೆ ಆಕಾಶ ಹರಿದು ಬಿದ್ದ ಹಾಗಿತ್ತು. ಕಣಿವೆಗೆ ಕೆಲವು ವರ್ಷದಿಂದ ಭದ್ರಾ ಮೇಲ್ದಂಡೆಯ ನೀರನ್ನೂ ಅಜ್ಜಂಪುರದ ಕಡೆಯಿಂದ ಬಿಡುತ್ತಿದ್ದರು. ನನ್ನ ಡೈರಿಯ ಲೆಕ್ಕದಲ್ಲಿ ಅದನ್ನು ಹಿಡಿದಿರಲಿಲ್ಲ. ಹಿಡಿದಿದ್ದರೂ ಇಷ್ಟು ಮಳೆಯನ್ನು ಯಾರು ಹಿಡಿಯುತ್ತಾರೆ? ಆಗಸ್ಟ್ ಮುಗಿಯುವಾಗ ಊರಲ್ಲಿ ಎಲ್ಲರ ಬಾಯಲ್ಲೂ ಅಡಿಯದೇ ಮಾತು. ಇವತ್ತೆಷ್ಟು, ನಾಳೆಗೆಷ್ಟು. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಸೆಪ್ಟೆಂಬರ್ ಮೊದಲಲ್ಲಿ ಕೋಡಿ ಬಿತ್ತು. 89 ವರ್ಷದ ಮೇಲೆ.

ತಮ್ಮ ಬೆಳಿಗ್ಗೆ ಐದಕ್ಕೆ ಬಂದು ಬಾಗಿಲು ಬಡಿದ. ಅಮ್ಮ ಆಗಲೇ ಸೀರೆ ಬದಲಿಸಿ ಕೂತಿದ್ದಳು. ನನ್ನ ಲೆಕ್ಕದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ನನಗೆ ಇನ್ನೂ ಮುಜುಗರ.

ವಾಣಿವಿಲಾಸಪುರಕ್ಕೆ ಇನ್ನೂ ಎಷ್ಟೋ ದೂರ ಇರುವಾಗಲೇ ಕಾರು ನಿಂತಿತು. ಜಾತ್ರೆಗಿಂತ ಹೆಚ್ಚು ಜನ. ಟ್ರ್ಯಾಕ್ಟರು, ಆಟೋ, ಟಾಟಾ ಏಸ್, ಒಂದು ಎತ್ತಿನ ಗಾಡಿ ಕೂಡ. ನಾನು ಪ್ಲಾಸ್ಟಿಕ್ ಕುರ್ಚಿ ತಲೆ ಮೇಲೆ ಹೊತ್ತುಕೊಂಡೆ. ಅಮ್ಮ ಹತ್ತು ಹೆಜ್ಜೆ ನಡೆಯುವುದು, ನಾನು ಕುರ್ಚಿ ಇಳಿಸುವುದು, ಅವಳು ಕೂರುವುದು, ಮತ್ತೆ ಏಳುವುದು. ನನ್ನ ಹೆಂಡತಿ ಕೊಡೆ ಹಿಡಿದು ಹಿಂದೆ ಬರುತ್ತಿದ್ದಳು. "ಇಷ್ಟು ವರ್ಷ ಸರ್ವೀಸಲ್ಲಿ ಸಾಹೇಬ್ರು ಇಷ್ಟು ಭಾರ ಹೊತ್ತಿದ್ದು ನಾನು ನೋಡಿಲ್ಲ" ಅಂದಳು. ಕೊನೆಗೆ ಯಾರೋ ಹುಡುಗ ತಾನಾಗಿಯೇ ಬೈಕ್ ನಿಲ್ಲಿಸಿ ಅಮ್ಮನನ್ನು ಕೂರಿಸಿಕೊಂಡು ಹೋದ. ನಾವು ತಲುಪುವಷ್ಟರಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಳು.

ಶಬ್ದ ಮೊದಲು ಬಂತು. ನಾರಾಯಣಪುರದಲ್ಲಿ ಗೇಟುಗಳಿಂದ ಕೃಷ್ಣೆ ಧುಮುಕುವುದನ್ನು ನಾನು ವರ್ಷವರ್ಷ ನೋಡಿದವನು. ಅದರ ಮುಂದೆ ಇದು ಏನೂ ಅಲ್ಲ. ಒಂದು ಉದ್ದದ ಗೋಡೆ, ಅದರ ಮೇಲೆ ನೀರಿನ ಪರದೆ, ಕೆಳಗೆ ನೊರೆ. ಯಾರೂ ಬಟನ್ ಒತ್ತಿರಲಿಲ್ಲ, ಯಾರೂ ಆರ್ಡರ್ ಕೊಟ್ಟಿರಲಿಲ್ಲ. ತುಂಬಿತ್ತು, ಹರಿಯುತ್ತಿತ್ತು. ಗಂಟಲು ಕಟ್ಟಿತು. ಪಕ್ಕದಲ್ಲಿ ತಮ್ಮ ಅಳುತ್ತಿದ್ದ. ಕಡಿದ ನಲವತ್ತು ಮರ ಅವನಿಗೆ ನೆನಪಾಗಿರಬೇಕು.

ಅಮ್ಮ ನೋಡಿದಳು, ನೋಡಿದಳು. ಆಮೇಲೆ, "ಇಷ್ಟೇನಾ?" ಅಂದಳು.

"ಇನ್ನೇನು ಬೇಕಿತ್ತು?" ಅಂದೆ.

"ಅವ್ವ ಹೇಳಿದ್ದು ಇನ್ನೂ ಜೋರಾಗಿತ್ತು. ಗಾಡಿ ಕಟ್ಕೊಂಡು ಬಂದಿದ್ರಂತೆ. ನಾನಾಗ ಹೊಟ್ಟೇಲಿದ್ದೆ. ನಂಗಿದು ಎರಡನೇ ಸಲ."

ಹೊಟ್ಟೆಯಲ್ಲಿದ್ದ ಮಾತು ನಾನು ಮೊದಲ ಸಲ ಕೇಳಿದ್ದು. 63 ವರ್ಷದ ಮಗ! ಪಕ್ಕದಲ್ಲಿ ಹೆಗಲಿಗೆ ಟವೆಲ್ ಹಾಕಿದ್ದ ಮುದುಕರೊಬ್ಬರು ಇದನ್ನು ಕೇಳಿಸಿಕೊಂಡು, "ನಾನೂ ಕೋಡಿ ಬಿದ್ದ ವರ್ಷದವನೇ ಕಣಮ್ಮ" ಅಂದರು. ಅಮ್ಮ ತಿರುಗಿ ಮೇಲಿಂದ ಕೆಳಗೆ ನೋಡಿದಳು.

"ಕೋಡಿ ಬೀಳುವಾಗ ನೀವೆಲ್ಲಿದ್ರಿ?"

"ನಮ್ಮವ್ವನ ಸೊಂಟದ ಮೇಲೆ."

"ಹಂಗಾದ್ರೆ ನೀವು ಹಿಂದಿನ ವರ್ಷದವರು. ಸುಮ್ನೆ ಹೇಳಬೇಡಿ."

ಅವರು ಬಿಡಲಿಲ್ಲ, ಇವಳೂ ಬಿಡಲಿಲ್ಲ. ಕೋಡಿಯ ಶಬ್ದದಲ್ಲಿ ಇಬ್ಬರೂ ಕೂಗಿ ಕೂಗಿ ವಾದ ಮಾಡಿದರು. ಸುತ್ತಲಿನವರು ಕೋಡಿ ಬಿಟ್ಟು ಇವರನ್ನು ವಿಡಿಯೋ ಮಾಡತೊಡಗಿದರು. ಕೊನೆಗೆ ಮುದುಕರು ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟು, "ನೀವು ಓದಿದವರು, ನೋಡಿ ಹೇಳಿ" ಅಂದರು. ನೋಡಿದೆ. 01-01-1938. ತಾರೀಕನ್ನು ಗಟ್ಟಿಯಾಗಿ ಓದದೆ, "ಇಬ್ಬರದ್ದೂ ಸರಿ ಇದೆ" ಅಂತ ಕಾರ್ಡ್ ವಾಪಸ್ ಕೊಟ್ಟೆ. ನನ್ನ ಸರ್ವೀಸಿನಲ್ಲಿ ಕಲಿತ ಮಾತು ಅದು.

ಸಂಜೆ ಊರಿಗೆ ಬಂದಾಗ ನಮ್ಮ ಕೆರೆಯೂ ಕೋಡಿ ಹತ್ತಿರ ಬಂದಿತ್ತು. ಏರಿ ಮೇಲೆ ಜನ. ಎಲ್ಲ ಕಣಿವೆ ಮಾರಮ್ಮನ ಕೃಪೆ ಅಂತ ಯಾರೋ ಅಂದರು. ಪೈಪಿನ ಹುಡುಗ ನನ್ನ ಕಡೆ ನೋಡಿ ಕಣ್ಣು ಹೊಡೆದ. ಸುಳ್ಳೇಕೆ ಹೇಳಲಿ, ಯಾರಾದರೂ ಪೈಪಿನ ಸುದ್ದಿ ಎತ್ತುತ್ತಾರೇನೋ ಅಂತ ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದೆ. ಯಾರೂ ಎತ್ತಲಿಲ್ಲ.

2025ರ ಜನವರಿಯಲ್ಲಿ ಕಣಿವೆ ಮೂರನೇ ಸಲ ಕೋಡಿ ಬಿತ್ತು. ಕುರ್ಚಿ ಒರೆಸಿ ಕಾರಿಗೆ ಹಾಕಿ ಅಮ್ಮನನ್ನು ಕರೆದೆ.

"ಎರಡು ಸಲ ನೋಡಾಯ್ತಲ್ಲ" ಅಂದಳು. "ನೀವು ಹೋಗಿ ಬನ್ನಿ. ಬರುವಾಗ ಎಲೆ ತಗೊಂಡು ಬಾ, ಮನೇಲಿರೋದು ಬಾಡಿದಾವೆ."