ಬಿ450 ಬೋರ್ಡ್ ಉಳಿಸಿಕೊಂಡೇ ಗೇಮಿಂಗ್ ಪಿಸಿ ಅಪ್‌ಗ್ರೇಡ್: ಕೆಲಸದ ದಾಖಲೆ

ಮೊದಲು ಇದ್ದದ್ದು: ಎಎಂಡಿ ರೈಜನ್ 5 2600, ಎಂಎಸ್ಐ ಬಿ450 ಟಾಮಹಾಕ್ ಮ್ಯಾಕ್ಸ್ ಮದರ್‌ಬೋರ್ಡ್ (ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನದು), 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), ಒಂದು ಸಾಟಾ ಎಸ್‌ಎಸ್‌ಡಿ.

ಹೊಸದಾಗಿ ಸೇರಿದ್ದು: ರೈಜನ್ 7 5700ಎಕ್ಸ್3ಡಿ, ಡೀಪ್‌ಕೂಲ್ ಎಕೆ400 ಕೂಲರ್, 16 ಜಿಬಿಯ ಎರಡು ಡಿಡಿಆರ್4-3600 ರ‍್ಯಾಮ್, ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ, 650 ವ್ಯಾಟ್ ಎಸ್‌ಎಂಪಿಎಸ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಕೂರಿಸುವುದು ಇನ್ನೂ ಬಾಕಿ). ಬೋರ್ಡ್, ಕ್ಯಾಬಿನೆಟ್, ಮಾನಿಟರ್ ಹಾಗೆಯೇ ಇವೆ.

ಎಎಂಡಿಯ ಹೊಸ ಸಾಕೆಟ್ ಎಎಂ5ಕ್ಕೆ ಹೋದರೆ ಪ್ರೊಸೆಸರ್ ಜೊತೆ ಬೋರ್ಡ್, ಡಿಡಿಆರ್5 ರ‍್ಯಾಮ್ ಎರಡೂ ಹೊಸದು ಬೇಕು. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋದರೆ ಆಟದಲ್ಲಿ ಕಾಣುತ್ತದೆ. ಆದರೆ ಹಳೆ ಬೋರ್ಡಿನ ಅಪ್‌ಗ್ರೇಡ್‌ನಲ್ಲಿ ಕೆಲಸದ ಸರದಿ ತಪ್ಪುವಂತಿಲ್ಲ. ಎಲ್ಲ ಪಾರ್ಟ್ ಒಂದೇ ಸಲ ಬದಲಿಸಿ, ಸ್ಕ್ರೀನ್ ಕಪ್ಪಾಗಿ ನಿಂತರೆ ಯಾವುದನ್ನು ಅನುಮಾನಿಸುವುದು? ಹಾಗಾಗಿ ಈ ದಾಖಲೆ ಪೂರ್ತಿ ಒಂದೇ ಕ್ರಮದಲ್ಲಿದೆ: ಒಂದು ಬದಲಾವಣೆ, ಪರೀಕ್ಷೆ, ಆಮೇಲೆ ಮುಂದಿನದು.

ಆಯ್ಕೆಯ ಲೆಕ್ಕ

5700 ಸರಣಿಯ ಹೆಸರುಗಳನ್ನು ಎಚ್ಚರಿಕೆಯಿಂದ ಓದಬೇಕು. ಎಲ್ಲದರಲ್ಲೂ 8 ಕೋರ್, 16 ಥ್ರೆಡ್. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಮಾತ್ರ ಬೇರೆ ಬೇರೆ: ಬರೀ 5700 ಮತ್ತು 5700ಜಿ ಎರಡರಲ್ಲೂ 16 ಎಂಬಿ, 5700ಎಕ್ಸ್‌ನಲ್ಲಿ 32, 5700ಎಕ್ಸ್3ಡಿಯಲ್ಲಿ 96. ಆಟಗಳಿಗೆ ಬೇಕಾದ್ದು ಈ ಕ್ಯಾಶ್. ಅಂಗಡಿಯವರು ‘5700 ಇದೆ’ ಎಂದಾಗ ಬಾಕ್ಸ್ ಮೇಲಿನ ಪೂರ್ತಿ ಹೆಸರು ನೋಡದೆ ದುಡ್ಡು ಕೊಡಬೇಡಿ. 3ಡಿ ಮಾದರಿ ಸಿಗದಿದ್ದರೆ 5700ಎಕ್ಸ್ ಒಳ್ಳೆಯದೇ. ಬರೀ 5700 ಮಾತ್ರ ಬೇಡ. ಟ್ರೇ ಮಾಲಿಗೂ (ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವುದು) ಬಾಕ್ಸ್ ಮಾಲಿಗೂ ವಾರಂಟಿ ವ್ಯತ್ಯಾಸವಿದೆ. ಬಾಕ್ಸ್ ಪ್ರೊಸೆಸರಿಗೆ ಎಎಂಡಿ 3 ವರ್ಷ ಕೊಡುತ್ತದೆ, ಟ್ರೇ ಮಾಲಿಗೆ ಮಾರಿದವರೇ ಹೊಣೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಸೀರಿಯಲ್ ನಂಬರ್ ನಮೂದಾಗಿರುವ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.

ಗ್ರಾಫಿಕ್ಸ್ ಕಾರ್ಡಿನ ಆಯ್ಕೆಯನ್ನು ಬೋರ್ಡೇ ನಿರ್ಧರಿಸಿತು. ಬಿ450ದಲ್ಲಿ ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 3.0, ಅದರಲ್ಲಿ ಡೇಟಾ ಸಾಗುವ ದಾರಿಗಳೇ ಲೇನ್. 16 ಲೇನ್ ಇದ್ದರೆ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ, 8 ಲೇನ್ ಆದರೆ ಅದರ ಅರ್ಧ. ಆರ್‌ಟಿಎಕ್ಸ್ 4060, 5060 ಟಿಐ ಕಾರ್ಡ್‌ಗಳು 8 ಲೇನ್‌ನವು, 9060 ಎಕ್ಸ್‌ಟಿ 16 ಲೇನ್‌ನದು. ಕಾರ್ಡಿನ ಸ್ವಂತ ಮೆಮೊರಿ ಸಾಕಾಗುವವರೆಗೆ ಈ ವ್ಯತ್ಯಾಸ ಹೆಚ್ಚೇನೂ ಕಾಡುವುದಿಲ್ಲ. ಮೆಮೊರಿ ತುಂಬಿ ಟೆಕ್ಸ್ಚರ್‌ಗಳು ಸಿಸ್ಟಂ ರ‍್ಯಾಮಿಗೆ ಹರಿಯತೊಡಗಿದಾಗ ಎಲ್ಲ ಓಡಾಟವೂ ಈ ಸ್ಲಾಟಿನ ಮೂಲಕವೇ. ಆಗ ಆಟ ತಡೆತಡೆದು ಓಡುತ್ತದೆ. ಹಳೆ ಬೋರ್ಡಿನಲ್ಲಿ 8 ಜಿಬಿ ಕಾರ್ಡ್ ಬೇಡ, 16 ಜಿಬಿಯದೇ ಇರಲಿ ಅನ್ನುವುದು ಇದಕ್ಕೇ.

ಡಿಸ್ಕ್ ಮತ್ತು ಬಯಾಸ್: ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ಹಳೆ ವಿಂಡೋಸ್ ಇನ್‌ಸ್ಟಾಲ್ ಎಂಬಿಆರ್ (ಹಳೆ ಬಗೆಯ ಪಾರ್ಟಿಷನ್ ವಿಧಾನ, ಹೊಸದು ಜಿಪಿಟಿ) ಡಿಸ್ಕಿನ ಮೇಲಿತ್ತು. ಹೊಸ ಕಾರ್ಡ್‌ಗಳಿಗೆ ಯುಇಎಫ್ಐ (ಹೊಸ ಬಗೆಯ) ಬೂಟ್ ಬೇಕು, ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವ ಸೌಲಭ್ಯ) ಆನ್ ಮಾಡಲು ಸಿಎಸ್‌ಎಂ (ಹಳೆ ಬಗೆಯ ಬೂಟ್) ಆಫ್ ಇರಬೇಕು, ಸಿಎಸ್‌ಎಂ ಆಫ್ ಮಾಡಿದರೆ ಎಂಬಿಆರ್ ಡಿಸ್ಕಿನಿಂದ ವಿಂಡೋಸ್ ಏಳುವುದೇ ಇಲ್ಲ. ಆದ್ದರಿಂದ ಮೊದಲು ಬ್ಯಾಕಪ್. ನಂತರ ವಿಂಡೋಸ್‌ನಲ್ಲೇ ಇರುವ ಎಂಬಿಆರ್‌2ಜಿಪಿಟಿ ಕಮಾಂಡಿನಲ್ಲಿ ಮೊದಲು ವ್ಯಾಲಿಡೇಟ್, ಅದು ಪಾಸಾದರೆ ಕನ್ವರ್ಟ್. ಡಿಸ್ಕಿನಲ್ಲಿ 3ಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ವ್ಯಾಲಿಡೇಟ್ ಹಂತದಲ್ಲೇ ನಿಲ್ಲುತ್ತದೆ. ಬೇಡದ ಪಾರ್ಟಿಷನ್‌ನಲ್ಲಿರುವುದನ್ನು ಬೇರೆಡೆಗೆ ಸಾಗಿಸಿ ಅಳಿಸಬೇಕು. ಕನ್ವರ್ಟ್ ಮುಗಿದ ಕೂಡಲೇ ರೀಸ್ಟಾರ್ಟ್ ಮಾಡಿ, ನೇರವಾಗಿ ಬಯಾಸ್‌ಗೆ (ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಹೋಗಿ ಬೂಟ್ ಮೋಡ್ ಯುಇಎಫ್ಐ ಎಂದು ಬದಲಿಸಬೇಕು. 1660 ಸೂಪರ್ ಯುಇಎಫ್ಐನಲ್ಲಿ ಸರಿಯಾಗಿ ಓಡುತ್ತದೆ, ಹಾಗಾಗಿ ಹಳೆ ಕಾರ್ಡ್ ಇರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಕ್ಷೇಮ.

ಬಯಾಸ್ ಅಪ್‌ಡೇಟ್ ಹಳೆ ಪ್ರೊಸೆಸರ್ ಕೂತಿರುವಾಗಲೇ ಆಗಬೇಕು. ಬೋರ್ಡ್ ಕಂಪನಿಯ ಪುಟದಲ್ಲಿ ಹೊಸ ಪ್ರೊಸೆಸರಿನ ಹೆಸರಿನ ಎದುರು ಯಾವ ಆವೃತ್ತಿ ಬೇಕೆಂದು ಇರುತ್ತದೆ. ಅದು ಅಥವಾ ಅದಕ್ಕಿಂತ ಹೊಸದು. ಟಾಮಹಾಕ್ ಮತ್ತು ಟಾಮಹಾಕ್ ಮ್ಯಾಕ್ಸ್ ಬೇರೆ ಬೇರೆ ಬೋರ್ಡ್‌ಗಳು. ಮ್ಯಾಕ್ಸ್‌ನಲ್ಲಿ 32 ಎಂಬಿ ಬಯಾಸ್ ಚಿಪ್, ಮೊದಲಿನದರಲ್ಲಿ 16 ಎಂಬಿ. ಒಂದರ ಫೈಲ್ ಇನ್ನೊಂದಕ್ಕೆ ಹಾಕುವಂತಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಇರಲಿ. ಬಯಾಸ್ ಒಳಗಿನ ಎಂ-ಫ್ಲಾಶ್‌ನಲ್ಲಿ ಮಾಡಿದರೆ ಸಾಕು. ಅದೇನಾದರೂ ಕೈಕೊಟ್ಟರೆ ಹಿಂಬದಿಯ ಫ್ಲಾಶ್ ಬಯಾಸ್ ಬಟನ್ ಇದೆ: ಫೈಲಿಗೆ ಎಂಎಸ್ಐ ಡಾಟ್ ಆರ್‌ಒಎಂ ಎಂದು ಹೆಸರಿಟ್ಟು, ಗುರುತಿರುವ ಯುಎಸ್‌ಬಿ ಪೋರ್ಟಿಗೆ ಹಾಕಿ ಬಟನ್ ಒತ್ತಬೇಕು. ಪ್ರೊಸೆಸರ್ ಇಲ್ಲದೆಯೂ ಇದು ನಡೆಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆ ಗಾಳಿಯ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಅಪ್‌ಡೇಟ್ ಆದಾಗ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವುದು), ಫ್ಯಾನ್ ಕರ್ವ್ (ಬಿಸಿಗೆ ತಕ್ಕ ಫ್ಯಾನ್ ವೇಗ), ಸಿಎಸ್‌ಎಂ ಸೆಟ್ಟಿಂಗ್ ಎಲ್ಲ ಹಳೆಯ ಡಿಫಾಲ್ಟಿಗೆ ಮರಳುತ್ತವೆ. ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಬಿಟ್‌ಲಾಕರ್. ಹಲವು ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಅದರ ಕೀಲಿ ಪ್ರೊಸೆಸರಿನ ಭದ್ರತಾ ಭಾಗವಾದ ಎಫ್‌ಟಿಪಿಎಂನಲ್ಲಿ ಕೂತಿರುತ್ತದೆ. ಪ್ರೊಸೆಸರ್ ಬದಲಾದಾಗ ಮೊದಲ ಬೂಟ್‌ನಲ್ಲಿ ‘ಎಫ್‌ಟಿಪಿಎಂ ರೀಸೆಟ್ ಮಾಡಲೇ, ವೈ ಅಥವಾ ಎನ್’ ಎಂದು ಕೇಳುತ್ತದೆ. ರಿಕವರಿ ಕೀ ಕೈಯಲ್ಲಿಲ್ಲದೆ ವೈ ಒತ್ತಿದರೆ ಡಿಸ್ಕಿನ ಫೈಲ್‌ಗಳು ಸಿಗದೆ ಹೋಗಬಹುದು. ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಆಮೇಲೆ ಮುಂದುವರಿಯುವುದು.

ಎಸ್‌ಎಂಪಿಎಸ್, ಅರ್ಥಿಂಗ್, ಯುಪಿಎಸ್

ಲೆಕ್ಕ ಹೀಗೆ: 5700ಎಕ್ಸ್3ಡಿಯ ಟಿಡಿಪಿ (ಕಂಪನಿ ಹೇಳುವ ಶಾಖದ ಅಂಕಿ) 105 ವ್ಯಾಟ್, ಅದಕ್ಕೆ ಸಿಗುವ ಗರಿಷ್ಠ ಮಿತಿ 142. ಗ್ರಾಫಿಕ್ಸ್ ಕಾರ್ಡಿಗೆ ಎಎಂಡಿ ಹೇಳುವುದು 160, ಫ್ಯಾಕ್ಟರಿ ಓವರ್‌ಕ್ಲಾಕ್ ಮಾದರಿಗೆ 180 ಹಿಡಿಯೋಣ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ 60. ಒಟ್ಟು 382. ಒಳ್ಳೆಯ 550 ಸಾಕಾಗುತ್ತಿತ್ತು. ಮುಂದೆ ದೊಡ್ಡ ಕಾರ್ಡ್ ಬಂದರೂ ಇರಲೆಂದು 650. ಹಳೆ 450 ಕಾಗದದ ಮೇಲೆ ಸಾಲುತ್ತದೆ, ಆದರೆ ವಾರಂಟಿ ಮುಗಿದ ಅಗ್ಗದ ಎಸ್‌ಎಂಪಿಎಸ್‌ನ ಮೇಲೆ ಹೊಸ ಕಾರ್ಡಿನ ಭಾರ ಹೊರಿಸುವುದು ಸರಿಯಲ್ಲ.

ಮಾಡ್ಯುಲರ್ (ಕೇಬಲ್ ಬಿಚ್ಚಬಹುದಾದ) ಎಸ್‌ಎಂಪಿಎಸ್ ಬದಲಿಸುವಾಗ ಹಳೆ ಕೇಬಲ್‌ಗಳನ್ನು ಒಂದನ್ನೂ ಉಳಿಸಿಕೊಳ್ಳಬೇಡಿ. ಡಿಸ್ಕ್ ಕಡೆಯ ಪ್ಲಗ್ ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಮಾತ್ರ ಯಾವ ಮಾನದಂಡವೂ ಇಲ್ಲ. ಸರಿಯಾಗಿ ಕೂತ ಹಾಗೇ ಕಾಣುತ್ತದೆ. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ.

ಕ್ಯಾಬಿನೆಟ್ ಲೋಹ ಮುಟ್ಟಿದರೆ ಕೈ ಜುಮ್ ಎನ್ನುತ್ತದೆಯೇ? ಸಾಕೆಟ್ಟಿನ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಸಿಗದಿದ್ದಾಗ ಮೈನ್ಸ್‌ನ ಸುಮಾರು ಅರ್ಧ ವೋಲ್ಟೇಜನ್ನು ಕ್ಯಾಬಿನೆಟ್ ಮೇಲೆ ನಿಲ್ಲಿಸುತ್ತವೆ. ಹಳೆ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಲ್ಲಿ ನೋಡಿಸಿ: ಫೇಸ್‌ನಿಂದ ಅರ್ಥ್‌ಗೆ 230ರ ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಕೆಲವೇ ವೋಲ್ಟ್ ಬರಬೇಕು.

ಗೋಡೆಯಿಂದ ಎಳೆಯುವುದು ಗರಿಷ್ಠ 425 ವ್ಯಾಟ್ ಆಸುಪಾಸು, ಅಂದರೆ 2 ಆಂಪಿಯರಿಗಿಂತ ಕಡಿಮೆ. ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. ಯುಪಿಎಸ್ ಮಾತ್ರ 600 ವಿಎ ಸಾಲದು, ಅದರಲ್ಲಿ ಸಿಗುವುದು 360 ವ್ಯಾಟ್. 1000 ವಿಎ, 600 ವ್ಯಾಟ್‌ನದು ಬೇಕು. ಮನೆಯ ಇನ್‌ವರ್ಟರ್ ನೆಚ್ಚಿಕೊಂಡವರು ಅದರ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿರಬೇಕು. ಪೂರ್ತಿ ಲೋಡಿನಲ್ಲಿ ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಸುಮಾರು 16–17 ಮಿಲಿಸೆಕೆಂಡ್ ಮಾತ್ರ. ಅದರೊಳಗೆ ಇನ್‌ವರ್ಟರ್ ಹೊರಳದಿದ್ದರೆ ಪಿಸಿ ರೀಸ್ಟಾರ್ಟ್ ಆಗುತ್ತದೆ.

ಪ್ರೊಸೆಸರ್ ಮತ್ತು ಕೂಲರ್

ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನ ಕೆಳಗೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಬಿಚ್ಚುವ ಮುನ್ನ ಹತ್ತು ನಿಮಿಷ ಯಾವುದಾದರೂ ಭಾರದ ಟೆಸ್ಟ್ ಓಡಿಸಿ ಬಿಸಿ ಮಾಡಿ. ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚುತ್ತ ಬಿಡಿಸಿ. ಪ್ಲಾಸ್ಟಿಕ್ ಬ್ರಾಕೆಟ್ ತೆಗೆಯುವ ಹಂತದಲ್ಲಿ ಬೋರ್ಡಿನ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಅಲ್ಲಿರಲಿ. ಎಕೆ400ಗೆ ಆ ಪ್ಲೇಟೇ ಬೇಕು.

ಹೊಸ ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒತ್ತುವ ಪ್ರಮೇಯವೇ ಬರಬಾರದು. 5700ಎಕ್ಸ್3ಡಿ ಬಾಕ್ಸಿನಲ್ಲಿ ಕೂಲರ್ ಬರುವುದಿಲ್ಲ, 2600 ಜೊತೆ ಬಂದಿದ್ದ ಹಳೆ ಸ್ಟೆಲ್ತ್ ಕೂಲರ್ ಇದಕ್ಕೆ ಸಾಲದು. ಎಕೆ400 ಎತ್ತರ 155 ಮಿಮೀ. ಕ್ಯಾಬಿನೆಟ್ಟಿನ ಮಿತಿ ಮೊದಲೇ ನೋಡಿಕೊಳ್ಳಿ.

3ಡಿ ಚಿಪ್‌ನಲ್ಲಿ ಹೆಚ್ಚುವರಿ ಕ್ಯಾಶ್ ಒಂದು ಪದರವಾಗಿ ಮೇಲೆ ಕೂತಿದೆ, ಕೋರ್‌ಗಳ ಶಾಖ ಹೊರಬರಲು ಅದೇ ಅಡ್ಡಿ. ಹಾಗಾಗಿ ವ್ಯಾಟ್ ಕಡಿಮೆ ತೋರಿಸಿದರೂ ಡಿಗ್ರಿ ಹೆಚ್ಚು ತೋರಿಸುತ್ತದೆ, ಗಾಬರಿ ಬೇಡ. ಮಿತಿ 90 ಡಿಗ್ರಿ. ಕೋಣೆ 30 ಡಿಗ್ರಿ ಇದ್ದಾಗ ಸಿನೆಬೆಂಚ್ (ಪ್ರೊಸೆಸರನ್ನು ಪೂರ್ತಿ ದುಡಿಸುವ ಟೆಸ್ಟ್) 10 ನಿಮಿಷ ಓಡಿಸಿದರೆ 83, ಆಟದಲ್ಲಿ 68ರಿಂದ 74.

ರ‍್ಯಾಮ್

ಪ್ರೊಸೆಸರಿನಿಂದ ಎಣಿಸಿ 2 ಮತ್ತು 4ನೇ ಸ್ಲಾಟ್. ಹಳೆ ಎರಡು ಸ್ಟಿಕ್ ಜೊತೆಗೇ ಇರಲಿ ಎಂಬ ಆಸೆ ಬಿಡಿ: ನಾಲ್ಕು ಸ್ಟಿಕ್ ಆದರೆ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಬಿದ್ದು 3600 ನಿಲ್ಲದೆ ಹೋಗಬಹುದು. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಇನ್‌ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ಕೊಂಡಿ) 1800 ಮೆಗಾಹರ್ಟ್ಸ್‌ನಲ್ಲಿ ಇದೆಯೇ ನೋಡಬೇಕು. ಅದು ನಿಲ್ಲದಿದ್ದರೆ 3200ಕ್ಕೆ ಇಳಿಸಿ. 3ಡಿ ಕ್ಯಾಶ್ ಇರುವಾಗ ರ‍್ಯಾಮ್ ವೇಗದ ನಷ್ಟ ಅಷ್ಟಾಗಿ ತಟ್ಟುವುದಿಲ್ಲ. ಮೊದಲ ಬೂಟ್‌ನಲ್ಲಿ ಸ್ಕ್ರೀನ್ ಕೆಲಹೊತ್ತು ಕಪ್ಪಾಗಿಯೇ ಇರುತ್ತದೆ, ಮೆಮೊರಿ ಟ್ರೇನಿಂಗ್ ನಡೆಯುತ್ತಿರುತ್ತದೆ. ಬೋರ್ಡಿನ ಈಜಿ ಡಿಬಗ್ ಎಲ್‌ಇಡಿ ನೋಡಿ. ಡಿರ‍್ಯಾಮ್ ದೀಪ ಹಲವು ನಿಮಿಷವಾದರೂ ಆರದಿದ್ದರೆ ಮಾತ್ರ ಸ್ಟಿಕ್ ತೆಗೆದು ಮತ್ತೆ ಕೂರಿಸಬೇಕು. ಮೆಮ್‌ಟೆಸ್ಟ್86ರ ನಾಲ್ಕು ಸುತ್ತು ಒಂದೂ ಎರರ್ ಇಲ್ಲದೆ ಮುಗಿಯುವವರೆಗೆ ಗ್ರಾಫಿಕ್ಸ್ ಕಾರ್ಡ್ ಬಾಕ್ಸಿನಲ್ಲೇ ಇರಲಿ.

ಗ್ರಾಫಿಕ್ಸ್ ಕಾರ್ಡ್

ಎನ್‌ವಿಡಿಯಾದಿಂದ ಎಎಂಡಿಗೆ ಬದಲಾವಣೆ, ಆದ್ದರಿಂದ ಇಂಟರ್‌ನೆಟ್ ತೆಗೆದು, ಸೇಫ್ ಮೋಡಿನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸುವ ಸಾಫ್ಟ್‌ವೇರ್) ಓಡಿಸಿ ಹಳೆ ಡ್ರೈವರ್ ಅಳಿಸಿ, ಶಟ್‌ಡೌನ್. ಕಾರ್ಡ್ ಮೇಲಿನ ಸ್ಲಾಟಿಗೆ ಕ್ಲಿಕ್ ಎನ್ನುವಂತೆ ಕೂರಬೇಕು. ಈ ಕಾರ್ಡಿನ ಹೆಚ್ಚಿನ ಮಾದರಿಗಳಿಗೆ 8 ಪಿನ್ ಒಂದೇ ಸಾಕು. ಪಿಸಿಐಇ 8 ಪಿನ್ನಿಗೂ ಸಿಪಿಯು 8 ಪಿನ್ನಿಗೂ ಆಕಾರದಲ್ಲಿ ಹೋಲಿಕೆಯಿದೆ, ವೈರಿಂಗ್ ತದ್ವಿರುದ್ಧ. ಬಲ ಹಾಕಿದರಷ್ಟೇ ಕೂರುವಂತಿದ್ದರೆ ಅದು ತಪ್ಪು ಕೇಬಲ್.

ಡ್ರೈವರ್ ಹಾಕಿದ ಮೇಲೆ ಬಯಾಸ್‌ನಲ್ಲಿ ಅಬೌ 4ಜಿ ಡಿಕೋಡಿಂಗ್ ಮತ್ತು ರೀಸೈಜಬಲ್ ಬಾರ್ ಎರಡೂ ಆನ್. ಎಎಂಡಿ ಇದನ್ನು ಸ್ಮಾರ್ಟ್ ಆಕ್ಸೆಸ್ ಮೆಮೊರಿ ಎನ್ನುತ್ತದೆ, ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ಆನ್ ಆಗಿರುವುದು ಕಾಣಬೇಕು. 2600ಕ್ಕೆ ಇದರ ಅಧಿಕೃತ ಬೆಂಬಲ ಇರಲಿಲ್ಲ, ಪ್ರೊಸೆಸರ್ ಮೊದಲು ಬದಲಾಗಬೇಕಿದ್ದದ್ದಕ್ಕೆ ಇದೂ ಒಂದು ಕಾರಣ. ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಎದುರು 3.0 ಮತ್ತು 16 ಲೇನ್ ತೋರಿಸಬೇಕು. 8 ಅಥವಾ 4 ತೋರಿಸಿದರೆ ಕಾರ್ಡ್ ಪೂರ್ತಿ ಕೂತಿಲ್ಲ, ಇಲ್ಲವೇ ಸ್ಲಾಟಿನಲ್ಲಿ ದೂಳಿದೆ.

ಟ್ಯೂನಿಂಗ್

5700ಎಕ್ಸ್3ಡಿ ಲಾಕ್ ಆದ ಚಿಪ್, ಓವರ್‌ಕ್ಲಾಕ್ ಇಲ್ಲ. ವೋಲ್ಟೇಜ್ ಇಳಿಸುವುದೇ ಇಲ್ಲಿ ಲಾಭ. ಕರ್ವ್ ಆಪ್ಟಿಮೈಸರ್ ಎಲ್ಲ ಕೋರಿಗೂ ಮೈನಸ್ 20 ಇಟ್ಟಾಗ ಅದೇ ಸಿನೆಬೆಂಚ್ 83ರಿಂದ 77ಕ್ಕೆ ಇಳಿದಿದೆ. ಮೈನಸ್ 30 ಕೂಡ ಸಿನೆಬೆಂಚ್ ಪಾಸು ಮಾಡುತ್ತದೆ, ಆದರೆ ಅದನ್ನು ನಂಬುವಂತಿಲ್ಲ. ಈ ಬಗೆಯ ಅಂಡರ್‌ವೋಲ್ಟ್ ಸಾಮಾನ್ಯವಾಗಿ ಕೆಡುವುದು ಪೂರ್ತಿ ಲೋಡಿನಲ್ಲಲ್ಲ, ಬ್ರೌಸರ್ ತೆರೆದು ಸುಮ್ಮನಿರುವಾಗ. ಕೋರ್‌ಸೈಕ್ಲರ್ (ಒಂದೊಂದೇ ಕೋರನ್ನು ಪರೀಕ್ಷಿಸುವ ಟೆಸ್ಟ್) ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಈವೆಂಟ್ ವ್ಯೂವರ್‌ನಲ್ಲಿ ವಿಯಾ (WHEA, ಹಾರ್ಡ್‌ವೇರ್ ದೋಷದ) ಎರರ್ ಇದೆಯೇ ನೋಡುವುದು. ಒಂದಿದ್ದರೂ ಆ ಕೋರಿಗೆ 5 ಅಂಕ ಸಡಿಲಿಸುವುದು.

3ಡಿ ಚಿಪ್ಪಿನ ಉಷ್ಣಾಂಶ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿಯುತ್ತದೆ, ಫ್ಯಾನ್ ಪ್ರತಿ ಸಲವೂ ಹೂಂಕರಿಸುತ್ತದೆ. ಬಯಾಸ್‌ನ ಫ್ಯಾನ್ ಸ್ಟೆಪ್-ಅಪ್ ಸಮಯ ಹೆಚ್ಚಿಸಿ, 70 ಡಿಗ್ರಿವರೆಗೆ ಕರ್ವ್ ಸಪಾಟಾಗಿ ಇಟ್ಟರೆ ಸದ್ದು ನಿಲ್ಲುತ್ತದೆ. ಮುಂದೆ ಎರಡು 120 ಮಿಮೀ ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಬರುವ ಗಾಳಿ ಹೆಚ್ಚಿದ್ದರೆ ದೂಳು ಸಂದುಗಳಿಂದ ನುಗ್ಗದೆ ಫಿಲ್ಟರಿನಲ್ಲೇ ಸಿಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿರಿ, ಇಲ್ಲದಿದ್ದರೆ ಅತಿವೇಗಕ್ಕೆ ಬೇರಿಂಗ್ ಹಾಳಾಗುತ್ತದೆ.

ಆಟದಲ್ಲಿ ನೋಡಬೇಕಾದ್ದು ಸರಾಸರಿ ಎಫ್‌ಪಿಎಸ್‌ಗಿಂತ 1 ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ 1 ಪರ್ಸೆಂಟ್ ಫ್ರೇಮ್‌ಗಳ ವೇಗ. ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ಎರಡೂ ಸಿಗುತ್ತವೆ. ಕೌಂಟರ್-ಸ್ಟ್ರೈಕ್ 2, ಸಿಟೀಸ್: ಸ್ಕೈಲೈನ್ಸ್‌ನಂಥ ಪ್ರೊಸೆಸರ್ ದುಡಿಸುವ ಆಟಗಳಲ್ಲಿ ಕ್ಯಾಶಿನ ಗುಣ ಎದ್ದು ಕಾಣುತ್ತದೆ. ಮಾನಿಟರ್ 144 ಹರ್ಟ್ಸ್, ಆದ್ದರಿಂದ ಎಫ್‌ಪಿಎಸ್ ಮಿತಿ 141ಕ್ಕೆ ಇಟ್ಟು ಫ್ರೀಸಿಂಕ್ (ಮಾನಿಟರನ್ನು ಕಾರ್ಡಿನ ವೇಗಕ್ಕೆ ಹೊಂದಿಸುವುದು) ಆನ್.

ಬಾಕಿ: ಎನ್‌ವಿಎಂಇ ಕೂರಿಸುವುದು. ಹಲವು ಬಿ450 ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ಬಳಸಿದರೆ ಕೆಲವು ಸಾಟಾ ಪೋರ್ಟ್ ನಿಲ್ಲುತ್ತವೆ, ಮ್ಯಾನುಯಲ್ ನೋಡಿ ಹಳೆ ಎಸ್‌ಎಸ್‌ಡಿಯ ಕೇಬಲ್ ಜಾಗ ಬದಲಿಸಬೇಕು. ಏಪ್ರಿಲ್‌ನಲ್ಲಿ ಕೋಣೆ 35 ದಾಟಿದಾಗ ಇದೇ ಸಿನೆಬೆಂಚ್ ಮತ್ತೊಮ್ಮೆ. 85ಕ್ಕಿಂತ ಮೇಲೆ ಹೋದರೆ ಮುಂದಿನ ಪ್ಯಾನೆಲ್ ತೆಗೆದು ಜಾಲರಿಯದು ಹಾಕುವುದು.