ಕಾಫಿಯಲ್ಲಿ ಕಲಸಿ ಕೊಡಬಹುದೆ?

ಕುಡಿತ ಬಿಟ್ಟ ನನ್ನ ಮೈದುನ ನಮ್ಮೊಂದಿಗೆ ಮನೆಯಲ್ಲೇ ಇದ್ದಾನೆಂದು ತಿಳಿದವರು, ಅದರಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯ ನೆಂಟರ ಮನೆಯ ಹೆಂಗಸರು, ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದು ಒಂದೇ ಪ್ರಶ್ನೆ: ‘ಅವರಿಗೆ ಗೊತ್ತಾಗದ ಹಾಗೆ ಕಾಫಿಯಲ್ಲೋ ಸಾರಿನಲ್ಲೋ ಕಲಸಿ ಕೊಡುವ ಮಾತ್ರೆ ಇದೆಯಂತಲ್ಲ, ನೀವೂ ಅದನ್ನೇ ಕೊಟ್ಟಿರಾ?’ ಇಲ್ಲ, ಕೊಟ್ಟಿಲ್ಲ. ದಯವಿಟ್ಟು ನೀವೂ ಕೊಡಬೇಡಿ.

ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಡೈಸಲ್ಫಿರಾಮ್. ಮದ್ಯ ದೇಹದಲ್ಲಿ ಕರಗುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ತಡೆಯುವುದರಿಂದ, ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 2 ವಾರ ಈ ಅಪಾಯ ಇರುತ್ತದೆ. ತನ್ನ ಹೊಟ್ಟೆಯಲ್ಲಿ ಏನಿದೆಯೆಂದು ಬಲ್ಲವನು ಕೈ ಹಿಂದೆಗೆಯುತ್ತಾನೆ, ಅರಿಯದವನು ಎಂದಿನಂತೆ ಕುಡಿಯುತ್ತಾನೆ. ತೋಟದ ನಡುವಿನ ಒಂಟಿ ಮನೆಯಿಂದ ಸುರಿಯುವ ಮಳೆಯಲ್ಲಿ ಅವನನ್ನು ಶಿವಮೊಗ್ಗಕ್ಕೆ ಸಾಗಿಸುವುದು ಹೇಗೆ? ಬದುಕುಳಿದು ವಿಷಯ ತಿಳಿದನೆಂದರೆ ಹೆಂಡತಿ ಬಡಿಸಿದ ಅನ್ನವನ್ನೂ ಅನುಮಾನಿಸುತ್ತಾನೆ.

ಮೈದುನ ಅದೇ ಮಾತ್ರೆಯನ್ನು ವೈದ್ಯರ ಬಳಿ ಪರೀಕ್ಷೆಗಳಾದ ಮೇಲೆ, ತಿಳಿದು ಒಪ್ಪಿ ತೆಗೆದುಕೊಳ್ಳುತ್ತಿದ್ದಾನೆ. ಬೆಳಿಗ್ಗೆ ತಿಂಡಿಯಾದ ಮೇಲೆ ವಾರಗಿತ್ತಿ ಡಬ್ಬಿಯನ್ನು ಮೇಜಿನ ಮೇಲಿಡುತ್ತಾಳೆ, ಅವನು ಅವಳೆದುರೇ ನುಂಗಿ ಲೋಟ ಕೆಳಗಿಡುತ್ತಾನೆ. ಅಷ್ಟಾದರೆ ಆಯಿತು, ಆಮೇಲೆ ಕಿಸೆ ತಡಕುವುದು, ಬಾಯಿ ಮೂಸುವುದು ಯಾವುದೂ ಇಲ್ಲ. ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರ ಇರುವುದರಿಂದ ಅವನ ಔಷಧದ ಕಪಾಟಿನಲ್ಲಿ ಅವು ಇಲ್ಲ.

ಕೊನೆಕೊಯ್ಲಿನ ಕಾಲ ನಿಜಕ್ಕೂ ಕಷ್ಟದ್ದು. ರಾತ್ರಿಯವರೆಗೆ ಅಡಿಕೆ ಸುಲಿತ, ಕೈಯಲ್ಲಿ ಕಾಸು, ಕೆಲಸ ಮುಗಿದ ಮೇಲೆ ‘ಸ್ವಲ್ಪ’ ಎಂದು ಕರೆಯುವ ಹಳೆಯ ಜೊತೆಗಾರರು. ಬಟವಾಡೆಯ ದುಡ್ಡು ತನ್ನ ಕೈಯಲ್ಲಿ ಬೇಡವೆಂದು ಅವನೇ ಹೇಳಿದ. ಈಗ ಅಡಿಕೆ ಬೇಯಿಸುವ ಒಲೆಯ ಕೆಲಸ ಅವನದು, ಲೆಕ್ಕ ನನ್ನ ಗಂಡನದು. ಇದನ್ನು ನಾವು ಹೇರಿದ್ದರೆ ಶಿಕ್ಷೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ.

‘ನಮ್ಮವರು ಡಾಕ್ಟರ ಹತ್ತಿರ ಬರುವುದೇ ಇಲ್ಲವಲ್ಲ’ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಹಾಗೆಂದು ದಿನವೂ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಮೊದಲ 2-3 ದಿನಗಳಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬಂದು ಪ್ರಾಣಕ್ಕೇ ಎರವಾಗಬಹುದು. ಅವರು ಬಾರದಿದ್ದರೆ ಮೊದಲು ನೀವೊಬ್ಬರೇ ಮನೋವೈದ್ಯರನ್ನು ಕಂಡು ಮನೆಯ ಸ್ಥಿತಿ ಹೇಳಿ. ಅದೂ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.