ಮೊದಲು ಇಳಿಯೋದು ಹೇಳಿಕೊಡಿ

ಪೋಲ್ ಡ್ಯಾನ್ಸ್‌ನಲ್ಲಿ ತಲೆಕೆಳಗಾಗುವುದು ಕಷ್ಟ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕಷ್ಟವೇ. ಆದರೆ ಅದು ಶಕ್ತಿಯ ವಿಷಯ. ಕಂಬ ಹಿಡಿದು, ಹೊಟ್ಟೆ ಬಿಗಿ ಮಾಡಿ, ಸೊಂಟ ಮೇಲೆತ್ತಿ ಉಲ್ಟಾ ಆಗುವುದನ್ನು ಕಲಿಯಲು ನನಗೆ ಎಷ್ಟೋ ತಿಂಗಳು ಹಿಡಿಯಿತು. ಮನೆಯಲ್ಲಿ ಹೊಟ್ಟೆಯ ಕಸರತ್ತು ಮಾಡಿದೆ, ತೋಳು ಗಟ್ಟಿಯಾಯಿತು, ಒಂದು ದಿನ ಬಂತು. ನಿಜವಾದ ತಾಪತ್ರಯ ಶುರುವಾಗಿದ್ದು ಆಮೇಲೆ.

ಆಮೇಲಿನ ಮೂವ್‌ಗೆ ಔಟ್‌ಸೈಡ್ ಲೆಗ್ ಹ್ಯಾಂಗ್ ಅಂತ ಹೆಸರು. ಕೆಲವರು ಜೆಮಿನಿ ಅಂತಲೂ ಕರೆಯುತ್ತಾರೆ. ಉಲ್ಟಾ ಆದ ಮೇಲೆ ಕಂಬದಿಂದ ದೂರ ಇರುವ ಕಾಲನ್ನು ಮಡಚಿ, ಮಂಡಿಯ ಹಿಂದಿನ ಸಂದಿಗೆ ಕಂಬವನ್ನು ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ಕಾಲನ್ನು ದೂರಕ್ಕೆ ಚಾಚಬೇಕು. ಆಮೇಲೆ ಎರಡೂ ಕೈ ಬಿಟ್ಟು ಜೋತು ಬೀಳಬೇಕು. ಇದಕ್ಕೆ ತೋಳಿನ ಶಕ್ತಿ ಏನೇನೂ ಬೇಡ. ಸುಮ್ನೆ ಕೈ ಬಿಡಬೇಕು, ಅಷ್ಟೇ. ನನಗೆ ಬಾರದೇ ಇದ್ದದ್ದು ಅದೇ.

ನನಗೆ 38 ವರ್ಷ. ಬ್ಯಾಂಕಿನಲ್ಲಿ ಕೆಲಸ, ಮನೆ ವಿಜಯನಗರದಲ್ಲಿ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಅವತ್ತು ಮಧ್ಯಾಹ್ನ ಊಟ ಸ್ವಲ್ಪ ಕಡಿಮೆ ಮಾಡಿ, ನೇರಳೆ ಮಾರ್ಗದ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳಿಯುತ್ತೇನೆ. ಕ್ಲಾಸಿನಲ್ಲಿ ನಾನೇ ಹಿರಿಯಳು. ಟೀಚರ್ ದಾವಣಗೆರೆ ಹುಡುಗಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಮಿಕ್ಕವರ ಜೊತೆ ಇಂಗ್ಲಿಷು, ಹಿಂದಿ. ನನ್ನ ಜೊತೆ ಕನ್ನಡ. 'ಅಕ್ಕಾ' ಅಂತ ಕರೆಯುತ್ತಾಳೆ.

ನೋಡದೇ ಇದ್ದವರಿಗೆ ಒಂದೆರಡು ಮಾತು ಹೇಳಬೇಕು. ಕಂಬ ಲೋಹದ್ದು. ಸ್ಟೀಲು, ಕ್ರೋಮ್ ಅಥವಾ ಹಿತ್ತಾಳೆ. ಸಾಮಾನ್ಯವಾಗಿ 45 ಮಿಲಿಮೀಟರ್ ಅಡ್ಡಳತೆ, ಅಂದರೆ ಅಂಗೈ ಸುತ್ತಿ ಹಿಡಿಯುವಷ್ಟು. ಅದನ್ನು ಅಲ್ಲಾಡದಂತೆ ನಿಲ್ಲಿಸಬಹುದು, ಬೇಕಾದರೆ ತನ್ನಷ್ಟಕ್ಕೆ ತಿರುಗುವ ಹಾಗೂ ಬಿಡಬಹುದು. ನಮ್ಮನ್ನು ಕಂಬಕ್ಕೆ ಅಂಟಿಸಿ ಇಡುವುದು ಬರಿ ಚರ್ಮ. ಬಟ್ಟೆ ಜಾರುತ್ತದೆ. ತುಂಡು ಚಡ್ಡಿ ಹಾಕುವುದು ಅದಕ್ಕೇ. ಅದರಲ್ಲಿ ಶೋಕಿ ಇಲ್ಲ. ಬೆಳಗಿನ ಚಳಿಗೆ ಕಂಬ ತಣ್ಣಗಿದ್ದರೆ ಹಿಡಿತ ಸಿಗಲ್ಲ, ಮೊದಲು ಬಟ್ಟೆಯಿಂದ ತಿಕ್ಕಿ ಬೆಚ್ಚಗೆ ಮಾಡಬೇಕು. ಮಳೆ ಬಂದು ಗಾಳಿ ತೇವವಾದರೆ ಇನ್ನೊಂದು ಥರ ಕಾಟ. ಮೈಗೆ ಲೋಷನ್ ಹಚ್ಚಿಕೊಂಡು ಬಂದರಂತೂ ಮುಗಿಯಿತು. ಯುಗಾದಿ ಹತ್ತಿರ ಬಂದಾಗ ನಮ್ಮ ಟೀಚರ್ ವಾಟ್ಸ್ಆ್ಯಪ್ ಗುಂಪಿನಲ್ಲಿ ತಪ್ಪದೇ ಒಂದು ಮೆಸೇಜ್ ಹಾಕುತ್ತಾಳೆ: 'ಎಣ್ಣೆ ಸ್ನಾನ ಮಾಡಿದವರು ಮಾರನೇ ದಿನ ಕ್ಲಾಸಿಗೆ ಬರಬೇಡಿ, ಒಬ್ಬಟ್ಟು ತಿಂದು ಮನೇಲೇ ಇರಿ.'

ನಮ್ಮೂರ ಕಡೆ ಕಂಬಕ್ಕೇ ಎಣ್ಣೆ ಹಚ್ಚುತ್ತಿದ್ದರು. ನಾನು ಲಕ್ಷ್ಮೇಶ್ವರದ ಕಡೆಯವಳು. ಅಲ್ಲಿ ಮಲ್ಲಕಂಬ ಹೊಸದಲ್ಲ. ಸಾಗುವಾನಿ ಕಂಬ, ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ಮೈಗೆಲ್ಲ ಔಡಲೆಣ್ಣೆ. ನಮ್ಮ ಶಾಲೆಯಲ್ಲಿ ಹುಡುಗರಿಗೆ ಕಂಬ, ಹುಡುಗಿಯರಿಗೆ ಅದೇ ಕಸರತ್ತು ಜೋತುಬಿಟ್ಟ ಹಗ್ಗದ ಮೇಲೆ. ನನಗೆ ಹಗ್ಗವೂ ಸಿಗಲಿಲ್ಲ, ಖೋಖೋ ಆಡಿಸಿದರು. ಹಾಗಾಗಿ ಅವ್ವನಿಗೆ ಫೋನಿನಲ್ಲಿ ಹೇಳುವಾಗ 'ಮಲ್ಲಗಂಬದ ಹಂಗ ಒಂದು ಕ್ಲಾಸಿಗೆ ಹೊಂಟೀನಿ' ಅಂದಿದ್ದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೈ ಬಿಟ್ಟು ಜೋತು ಬೀಳಾಕ ರೊಕ್ಕ ಬ್ಯಾರೆ ಕೊಡತೀಯೇನವಾ?' ಅಂದಳು.

ಆದರೆ ಅವ್ವನಿಗೆ ಹೇಳಿದ್ದನ್ನೇ ಇಲ್ಲಿ ಹೇಳಲಾರೆ. ಪೋಲ್ ಡ್ಯಾನ್ಸ್ ಅಂದರೆ ನಮ್ಮ ಮಲ್ಲಕಂಬವೇ ಅಂತ ಹೇಳಿ ಮರ್ಯಾದೆ ಕೊಡಿಸುವವರು ಈಗ ತುಂಬಾ ಜನ ಇದ್ದಾರೆ. ಮಲ್ಲಕಂಬಕ್ಕೂ ಸರ್ಕಸ್ಸಿನ ಕಂಬಕ್ಕೂ ಇದಕ್ಕೂ ಹೋಲಿಕೆ ಇದೆ, ಸರಿ. ಆದರೆ ಈ ಲೋಹದ ಕಂಬದ ಮೇಲೆ ಇವತ್ತು ನಾವು ಕಲಿಯುವ ಎಷ್ಟೋ ಮೂವ್‌ಗಳನ್ನು ಕಟ್ಟಿದ್ದು ಪಶ್ಚಿಮದ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಕುಣಿದು ಹೊಟ್ಟೆ ಹೊರೆದ ಹೆಣ್ಣುಮಕ್ಕಳು. 1990ರ ದಶಕದಲ್ಲಿ ಅದು ಕಸರತ್ತಿನ ಕ್ಲಾಸಾಯಿತು, ಆಮೇಲೆ ಸ್ಪರ್ಧೆಗಳು ಬಂದವು. ಅವರ ಹೆಸರು ಅಳಿಸಿ ಅಲ್ಲಿ ನಮ್ಮ ಹೆಸರು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇರಲಿ.

ಭಯದ ವಿಷಯಕ್ಕೆ ಬರುತ್ತೇನೆ. ಕೈ ಬಿಡಲು ಹೆದರುವವರಿಗೆ ಸಿಗುವ ಸಲಹೆ ಒಂದೇ: 'ಹೆದರಬೇಡಿ, ನಿಮ್ಮ ಮೇಲೆ ನಂಬಿಕೆ ಇಡಿ.' ನಾನು ಮೊದಲು ಹೋಗುತ್ತಿದ್ದ ಒಂದು ಜಾಗದಲ್ಲಿ ಇದನ್ನೇ ಹೇಳುತ್ತಿದ್ದರು. ಅಲ್ಲಿ ಎರಡು ಕಂಬಕ್ಕೆ ಒಂದು ಮ್ಯಾಟು. ಪಕ್ಕದವಳು ಉಲ್ಟಾ ಆಗುವಾಗ ನನ್ನ ಕಂಬದ ಕೆಳಗೆ ಬರಿ ನೆಲ. ನಂಬಿಕೆ ಎಲ್ಲಿಂದ ಬರಬೇಕು? ತಲೆ ಕೆಳಗಾಗಿ ಬಿದ್ದರೆ ಪೆಟ್ಟು ಬೀಳುವುದು ಕುತ್ತಿಗೆಗೆ. ಅದು ಗೊತ್ತಿದ್ದೂ ಹೆದರದೇ ಇರುವವರನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಅನುಮಾನ.

ಇನ್ನೊಂದು ಫಜೀತಿ ಇದೆ. ಅಂಗೈ, ಅಂಗಾಲು ಬೆವರುವುದು ಸೆಕೆಗಿಂತ ಗಾಬರಿಗೇ ಜಾಸ್ತಿ. ಗಾಬರಿಯಾದರೆ ಕೈ ಬೆವರುತ್ತದೆ, ಬೆವರಿದರೆ ಕಂಬ ಜಾರುತ್ತದೆ, ಜಾರಿದರೆ ಮತ್ತೆ ಗಾಬರಿ. ಕೈಗೆ ಚಾಕ್ ಹಚ್ಚಿಕೊಂಡರೆ ಸ್ವಲ್ಪ ಹೊತ್ತು ತಡೆಯುತ್ತೆ. ಆಮೇಲೆ ಬೆವರೇ ಗೆಲ್ಲುತ್ತೆ. ತಮಾಷೆ ಅಂದರೆ ಲೆಗ್ ಹ್ಯಾಂಗ್‌ನಲ್ಲಿ ನಂಬಬಾರದ್ದೇ ಈ ಕೈಯನ್ನು. ನಾನು ಮಂಡಿಯನ್ನು ನಂಬದೆ, ಜಾರುವ ಕೈಯಿಂದಲೇ ಕಂಬ ಗಟ್ಟಿಯಾಗಿ ಹಿಡಿದು ನೇತಾಡುತ್ತಿದ್ದೆ.

ಜೂನ್ ತಿಂಗಳ ಆ ಶನಿವಾರ ಬೆಳಗಿನಿಂದಲೇ ಮೋಡ. ಮೆಟ್ರೋ ಇಳಿಯುವಷ್ಟರಲ್ಲಿ ಮಳೆ ಶುರು. ನಾಲ್ಕೇ ಜನ ಬಂದಿದ್ದೆವು. ಟೀಚರ್ ಸ್ಪಿರಿಟ್ ಹಾಕಿ ಕಂಬ ಒರೆಸುತ್ತಿದ್ದಳು. ಒರೆಸಿದ ಹಿಂದೆಯೇ ಮತ್ತೆ ಮಂಜು ಕೂರುತ್ತಿತ್ತು. ಇವತ್ತು ಬರೀ ಕಾಲು ಚಾಚುವ ವ್ಯಾಯಾಮ ಮಾಡಿಸಿ ಕಳಿಸುತ್ತಾಳೆ ಅಂತ ನನಗೆ ಒಳಗೊಳಗೇ ಖುಷಿ. ಅವಳು ನನ್ನ ಹತ್ತಿರ ಬಂದು, 'ಅಕ್ಕಾ, ಇವತ್ತು ನೀವು ಹತ್ತೋದು ಬೇಡ. ಇಳಿಯೋದು ಮಾತ್ರ ಮಾಡೋಣ' ಅಂದಳು.

ಹತ್ತದೇ ಇಳಿಯುವುದು ಹೇಗೆ? ಮೊದಲು ಕಂಬದ ಬುಡದಲ್ಲಿ ಮ್ಯಾಟ್ ಮೇಲೆ ಮಲಗಿಸಿದಳು. ಹತ್ತು ಸೆಂಟಿಮೀಟರ್‌ನಷ್ಟು ದಪ್ಪದ ಮ್ಯಾಟು. ಮಲಗಿಕೊಂಡೇ ಕಾಲನ್ನು ಕಂಬಕ್ಕೆ ಸಿಕ್ಕಿಸು ಅಂದಳು. ಸಿಕ್ಕಿಸಿದೆ. 'ಹಿಮ್ಮಡಿ ಹಿಂದಕ್ಕೆ ಎಳ್ಕೊಳ್ಳಿ. ಇನ್ನೂ. ಈಗ ನಾನು ಎಳೀತೀನಿ, ಬಿಡಬೇಡಿ.' ನನ್ನ ಹೆಗಲು ಹಿಡಿದು ನಿಜವಾಗಲೂ ಎಳೆದಳು. ಮಂಡಿ ಅಲ್ಲಾಡಲಿಲ್ಲ. ಆಮೇಲೆ ಸೊಂಟವನ್ನು ಕಂಬದಿಂದ ಸ್ವಲ್ಪ ದೂರ ಸರಿಸಲು ಹೇಳಿ ಮತ್ತೆ ಎಳೆದಳು. ಸರ್ರಂತ ಜಾರಿತು. 'ಗೊತ್ತಾಯ್ತಾ? ಮಂಡಿ ಜಾರೋದು ಮಂಡಿಯಿಂದಲ್ಲ. ಸೊಂಟದ ಪಕ್ಕ ಕಂಬ ಬಿಟ್ಟುಹೋಗಿರುತ್ತೆ, ಅದಕ್ಕೆ.'

ಅಷ್ಟು ದಿನ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದು ಕಾಲು, ಒಂದು ಕಂಬ. ಈಗ ಅದು ಮೂರು ಜಾಗವಾಯಿತು. ಮಂಡಿಯ ಹಿಂದೆ ಒಂದು. ಸೊಂಟದ ಪಕ್ಕ ಒಂದು. ಕಂಕುಳ ಕೆಳಗೆ ಒಂದು. ಮೂರೂ ಕಂಬಕ್ಕೆ ತಾಗಿವೆಯಾ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳಬಹುದು. ಕೇಳಿದರೆ ಉತ್ತರ ಸಿಗುತ್ತದೆ. 'ಬೀಳ್ತೀನಾ?' ಅಂತ ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ.

ಆಮೇಲೆ ಕಂಬ ಹಿಡಿದು ಉಲ್ಟಾ ಆದೆ, ಆದರೆ ತೀರಾ ಕೆಳಗೆ. ಕೈ ಚಾಚಿದರೆ ನೆಲ ಸಿಗುವಷ್ಟು. ಕಾಲು ಸಿಕ್ಕಿಸಿ, ಒಂದೊಂದೇ ಕೈಯನ್ನು ಮ್ಯಾಟ್ ಮೇಲೆ ಊರಿ, ಕಾಲು ಬಿಡಿಸಿ, ಕೈ ಮೇಲೆ ನಿಂತ ಹಾಗೆ ನಿಧಾನಕ್ಕೆ ಇಳಿಯುವುದು. ಇದನ್ನೇ ಮತ್ತೆ ಮತ್ತೆ ಮಾಡಿಸಿದಳು. ಅಕ್ಕಪಕ್ಕದ ಹುಡುಗಿಯರು ಗಿರಗಿರ ತಿರುಗುತ್ತಿದ್ದರೆ ನಾನು ನೆಲ ಮುಟ್ಟುವುದು, ಇಳಿಯುವುದು, ನೆಲ ಮುಟ್ಟುವುದು, ಇಳಿಯುವುದು. ಬೇಜಾರಾಗುವಷ್ಟು. ಬೇಜಾರಾಗುತ್ತಿದೆ ಅನ್ನುವುದು ಗಮನಕ್ಕೆ ಬಂದಾಗ ನನಗೇ ಆಶ್ಚರ್ಯವಾಯಿತು. ತಲೆಕೆಳಗಾಗಿ ಇದ್ದುಕೊಂಡು ಬೇಜಾರು ಪಡುವಷ್ಟು ಹಾಯಾಗಿದ್ದೆ!

ಇಳಿಯಲು ಇನ್ನೊಂದು ದಾರಿಯನ್ನೂ ಕಲಿಸಿದಳು. ನೆಲ ಸಿಗದಷ್ಟು ಮೇಲಿದ್ದರೆ ಹೊಟ್ಟೆ ಬಿಗಿ ಮಾಡಿ ಮೇಲಕ್ಕೆದ್ದು ಮತ್ತೆ ಕಂಬವನ್ನೇ ಹಿಡಿಯಬೇಕು. ಕೈ ಬಿಡುವ ಮೊದಲು ಹಿಡಿಯುವುದನ್ನು ಕಲಿಯಬೇಕು. ಇದನ್ನು ಮೊದಲೇ ಯಾರೂ ಯಾಕೆ ಹೇಳಲಿಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು. ಇಷ್ಟು ದಿನ ನನಗೆ ಬಾಗಿಲಿಲ್ಲದ ಕೋಣೆಗೆ ನುಗ್ಗು ಅಂತ ಹೇಳುತ್ತಿದ್ದರು.

ಮಳೆ ಜೋರಾಯಿತು. 'ಈಗ ಒಂಚೂರು ಮೇಲೆ ಹೋಗೋಣ' ಅಂದಳು. ಹೋದೆ. ಉಲ್ಟಾ ಆದೆ. ಉಲ್ಟಾ ಆದಾಗ ಎಡ ಯಾವುದು, ಬಲ ಯಾವುದು ತಲೆಗೆ ಹತ್ತುವುದಿಲ್ಲ. ಅದಕ್ಕೆ ಅವಳು ಎಡ ಬಲ ಅನ್ನುವುದೇ ಇಲ್ಲ. 'ಕಿಟಕಿ ಕಡೆ ಕಾಲು ಚಾಚಿ. ಬಾಗಿಲ ಕಡೆ ಎದೆ ತಿರುಗಿಸಿ. ಸೊಂಟ ಕಂಬಕ್ಕೆ ಕೊಡಿ.' ಕೊಟ್ಟೆ. ಚರ್ಮ ಕಂಬಕ್ಕೆ ಕಚ್ಚಿಕೊಂಡು ಕಿರ್ ಅಂತ ಸದ್ದು ಬಂತು. ಮೊದಲೆಲ್ಲ ಆ ಸದ್ದಿಗೇ ಜೀವ ಹೋಗುತ್ತಿತ್ತು. ಅದು ಹಿಡಿತ ಸಿಕ್ಕ ಸದ್ದು ಅಂತ ಅವತ್ತು ಗೊತ್ತಾಯಿತು.

ಅವಳ ಒಂದು ಕೈ ನನ್ನ ಬೆನ್ನ ಕೆಳಗೆ, ಇನ್ನೊಂದು ಮಡಚಿದ ಕಾಲಿನ ಮೇಲೆ. 'ಮೂರೂ ಇದ್ಯಾ?' ಮಂಡಿ, ಸೊಂಟ, ಕಂಕುಳು. 'ಇದೆ.' 'ಹಾಗಾದ್ರೆ ಬಾಗಿಲ ಕಡೆ ಕೈ ಬಿಡಿ.' ಒಂದು ಕೈ ಬಂತು. ಇನ್ನೊಂದು ಬರಲಿಲ್ಲ. ತಲೆ ಬಿಡು ಅನ್ನುತ್ತಿದೆ, ಕೈ ಕೇಳುತ್ತಿಲ್ಲ. ಹೆಬ್ಬೆರಳು ಬಿಡಿಸಿದೆ. ತೋರುಬೆರಳು. ಕಿರುಬೆರಳೊಂದು ಕಂಬಕ್ಕೆ ಕೊಕ್ಕೆ ಹಾಕಿಕೊಂಡು ಕೂತಿತ್ತು. ಅದು ನನ್ನನ್ನು ಎತ್ತಿ ಹಿಡಿದಿರಲಿಲ್ಲ, ಹಿಡಿಯುವ ತಾಕತ್ತೂ ಅದಕ್ಕಿಲ್ಲ. ಅದನ್ನೂ ಬಿಡಿಸಿದೆ.

ಏನೂ ಆಗಲಿಲ್ಲ. ಕಾಲು ಅಲ್ಲೇ ಇತ್ತು. ಮಂಡಿಯ ಹಿಂದೆ ಚರ್ಮ ಸುಟ್ಟಂತೆ ಉರಿಯುತ್ತಿತ್ತು, ಅದು ಬಿಟ್ಟರೆ ಎಲ್ಲ ಸರಿಯಾಗಿತ್ತು.

'ಅಕ್ಕಾ, ಈಗ ಬೆನ್ನ ಕೆಳಗಿನ ಕೈ ತೆಗೀತೀನಿ. ಕಾಲಿನ ಮೇಲಿನ ಕೈ ಇರುತ್ತೆ' ಅಂದಳು. ತೆಗೆದಳು. 'ಈಗ ಕಾಲಿಂದೂ ತೆಗೀತೀನಿ. ಇಲ್ಲೇ ನಿಂತಿರ್ತೀನಿ.' ಅದನ್ನೂ ತೆಗೆದಳು. ನಮ್ಮಪ್ಪ ಸೈಕಲ್ ಕಲಿಸುವಾಗ ಹಿಡಿದಿದ್ದೇನೆ ಹಿಡಿದಿದ್ದೇನೆ ಅನ್ನುತ್ತಲೇ ಹಿಂದಿನಿಂದ ಬಿಟ್ಟುಬಿಟ್ಟಿದ್ದ. ಎಲ್ಲ ಅಪ್ಪಂದಿರೂ ಹಾಗೇ ಮಾಡುತ್ತಾರೆ, ಆಮೇಲೆ ನಗುತ್ತಾರೆ. ಇವಳು ಹಾಗೆ ಮಾಡಲಿಲ್ಲ. ಕೈ ಇಟ್ಟಾಗ ಇಟ್ಟೆ ಅಂದಳು, ತೆಗೆದಾಗ ತೆಗೆದೆ ಅಂದಳು. ನನಗೆ ಅವಳ ಬಗ್ಗೆ ಗೌರವ ಹುಟ್ಟಿದ್ದು ಅಲ್ಲೇ. ಅವಳು ಸುಳ್ಳು ಹೇಳಿ ಕೈ ಬಿಟ್ಟಿದ್ದರೆ ನಾನು ಆ ದಿನ ಗೆಲ್ಲುತ್ತಿದ್ದೆ, ಮುಂದಿನ ಸಲ ಅವಳ ಮಾತು ನಂಬುತ್ತಿರಲಿಲ್ಲ.

ಜೋತು ಬಿದ್ದುಕೊಂಡು ಸುತ್ತ ನೋಡಿದೆ. ಗೋಡೆ ಪಕ್ಕ ಸಾಲಾಗಿ ಬಿಚ್ಚಿಟ್ಟ ಛತ್ರಿಗಳು, ನೀರಿನ ಕ್ಯಾನು, ಯಾರದೋ ಟಿಫನ್ ಬಾಕ್ಸು. ರಕ್ತ ಮುಖಕ್ಕೆ ಇಳಿದು ಕಿವಿ ಬಿಸಿಯಾಗಿತ್ತು. ಪಕ್ಕದ ಹುಡುಗಿ ಫೋನ್ ಎತ್ತಿಕೊಂಡು 'ಆಂಟೀ, ಸ್ಮೈಲ್' ಅಂದಳು. ಆಂಟಿ ಅನ್ನಿಸಿಕೊಂಡ ಸಿಟ್ಟಿಗೇ ಹೊಟ್ಟೆ ಬಿಗಿಯಾಗಿ, ಮೇಲೆದ್ದು ಕಂಬ ಹಿಡಿದು, ಕಲಿತ ಹಾಗೆಯೇ ಇಳಿದೆ.

ಇಳಿದ ಮೇಲೆ ಕಾಲು ಗಡಗಡ ನಡುಗಿತು. ಭಯ ಹೋಗಿತ್ತು ಅಂತ ಹೇಳಲಾರೆ. ತಡವಾಗಿ ಬಂತು, ಅಷ್ಟೇ. ಮ್ಯಾಟ್ ಮೇಲೆ ಕೂತು ನೀರು ಕುಡಿದೆ. ಆಮೇಲೆ ಇನ್ನೊಮ್ಮೆ ಮಾಡಿದೆ, ಈ ಸಲ ಕಿರುಬೆರಳು ತಕರಾರು ಮಾಡಲಿಲ್ಲ.

ವಾಪಸ್ ಬರುವಾಗ ವಿಜಯನಗರ ಸ್ಟೇಷನ್ನಿನ ಮೆಟ್ಟಿಲು ಇಳಿಯುವುದೇ ದೊಡ್ಡ ಕೆಲಸವಾಯಿತು. ಪ್ರತಿ ಮೆಟ್ಟಿಲಿಗೂ ಮಂಡಿಯ ಹಿಂದೆ ಚುರ್ ಅನ್ನುತ್ತಿತ್ತು. ಮಾರನೇ ದಿನ ಅಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ. ಕಂಬದವರು ಇದಕ್ಕೆ ಪೋಲ್ ಕಿಸ್ ಅನ್ನುತ್ತಾರೆ. ಮುತ್ತು ಅಂತ ಹೆಸರಿಟ್ಟರೆ ನೋವು ಕಡಿಮೆಯಾಗುತ್ತದೆ ಅಂದುಕೊಂಡವರು ಯಾರೋ ಗೊತ್ತಿಲ್ಲ. ಅದೇ ಜಾಗ ಮತ್ತೆ ಮತ್ತೆ ಕಂಬಕ್ಕೆ ತಾಗಿದರೆ ಉರಿ ಕಡಿಮೆಯಾಗುತ್ತಾ ಹೋಗುತ್ತದೆ, ಅದಂತೂ ನಿಜ. ಸೋಮವಾರ ಕೌಂಟರಿನಲ್ಲಿ ಚೂಡಿದಾರ್ ಹಾಕಿ ಕೂತಿದ್ದೆ, ಯಾರಿಗೂ ಕಾಣಲಿಲ್ಲ.

ಅವ್ವನಿಗೆ ವಿಡಿಯೋ ಕಳಿಸಿದೆ. ಸಂಜೆ ಫೋನ್ ಮಾಡಿದಳು. ಚಡ್ಡಿಯ ಬಗ್ಗೆ ಏನಾದರೂ ಅನ್ನುತ್ತಾಳೆ ಅಂತ ಕಾದೆ. ಅವಳ ಗಮನ ಬೇರೆ ಕಡೆ ಇತ್ತು. 'ಆ ಹುಡುಗಿ ಯಾಕ ಕೈ ತಗದ್ಲು? ಬಿದ್ದಿದ್ರ?' ಅಂದಳು. ಕೈ ತೆಗೆಯುವ ಮೊದಲು ನನಗೆ ಹೇಳಿಯೇ ತೆಗೆದಳು ಅಂತ ವಿವರಿಸಿದೆ. ಅವ್ವ ಒಪ್ಪಲಿಲ್ಲ. ಹೇಳಿದರೂ ತೆಗೆಯಬಾರದಿತ್ತು ಅಂತ ಅವಳ ವಾದ. ಅದನ್ನು ಟೀಚರ್‌ಗೆ ಮುಟ್ಟಿಸಿದ್ದೇನೆ.

ಈಗ ಇನ್ನೊಂದು ಪಕ್ಕದ ಸರದಿ. ಕಂಬದಲ್ಲಿ ಒಂದೇ ಕಡೆ ಮಾಡಿಕೊಂಡು ಹೋದರೆ ಮೈ ಒಂದು ಕಡೆಗೆ ಗಟ್ಟಿಯಾಗಿ ಇನ್ನೊಂದು ಕಡೆ ಹಾಗೇ ಉಳಿಯುತ್ತದೆ, ಅದಕ್ಕೆ ಎರಡೂ ಕಡೆ ಮಾಡಿಸುತ್ತಾರೆ. ಆ ಕಾಲಿಗೆ ಇದ್ಯಾವುದೂ ನೆನಪಿಲ್ಲ. ಆ ಕಡೆ ಉಲ್ಟಾ ಆದರೆ ಮೊದಲ ದಿನದಷ್ಟೇ ಕೈ ಬೆವರುತ್ತದೆ. ಟೀಚರ್ ಆಗಲೇ ಮುಂದಿನ ಮೂವ್ ಬಟರ್‌ಫ್ಲೈ ಬಗ್ಗೆ ಮಾತಾಡಲು ಶುರು ಮಾಡಿದ್ದಾಳೆ. ಲೆಗ್ ಹ್ಯಾಂಗ್‌ನಿಂದಲೇ ಕೆಳಗೆ ಕಂಬಕ್ಕೆ ಕೈ ಊರಿ, ಮೈಯನ್ನು ಕಂಬದಿಂದ ದೂರ ತಳ್ಳಬೇಕಂತೆ. ಅಂದರೆ ಸೊಂಟ ಬಿಡಬೇಕು, ಕಂಕುಳು ಬಿಡಬೇಕು. ನಾನು ಕೇಳಿದ್ದು ಒಂದೇ, 'ಅದರಿಂದ ಇಳಿಯೋದು ಹೇಗೆ?' ಅವಳು ಮ್ಯಾಟ್ ಎಳೆದು ಹಾಕಿ, 'ಮಲ್ಕೊಳ್ಳಿ ಅಕ್ಕಾ, ಮೊದಲು ಇನ್ನೊಂದು ಕಾಲು ನೋಡೋಣ' ಅಂದಳು.